ಡಿಸೆಂಬರ್ 29ಕ್ಕೆ ಅಶ್ವಥ್ ಹಾಡುಗಳು: ಯಾವುದು ಇಟ್ಟುಕೊಳ್ಳೋಣ, ಯಾವುದು ಬಿಡೋಣ?

ಬಡಾವಣೆ_ಗಾಯಕಿ
ಎಲ್ಲರಿಗೂ ನಮಸ್ಕಾರ. ಈ ಸಲ ನಮ್ಮ ಬಡಾವಣೆ ಸಂಘದಿಂದ ಸಿ. ಅಶ್ವಥ್ ಅವರ ನೆನಪಿಗೆ ಒಂದು ಸಣ್ಣ ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ. ದಿನ ಹುಡುಕುವ ಕಷ್ಟವೇ ಇರಲಿಲ್ಲ. ಅವರು ಚನ್ನರಾಯಪಟ್ಟಣದಲ್ಲಿ ಹುಟ್ಟಿದ್ದು 1939ರ ಡಿಸೆಂಬರ್ 29, ಬೆಂಗಳೂರಿನಲ್ಲಿ ತೀರಿಕೊಂಡಿದ್ದು 2009ರ ಡಿಸೆಂಬರ್ 29. ಸರಿಯಾಗಿ ಎಪ್ಪತ್ತು ತುಂಬಿದ ದಿನ.

ನಾವು ಹನ್ನೆರಡು ಜನ ಹಾಡುವವರು. ಎಂಟು ಹೆಂಗಸರು, ನಾಲ್ಕು ಗಂಡಸರು, ಅದರಲ್ಲಿ ಇಬ್ಬರಿಗೆ ಶ್ರುತಿ ಅಂದರೆ ಏನು ಅಂತ ಇನ್ನೂ ಪೂರ್ತಿ ಗೊತ್ತಿಲ್ಲ, ಆದರೆ ಉತ್ಸಾಹ ಜಾಸ್ತಿ. ಒಂದು ತಬಲಾ, ಒಂದು ಕೀಬೋರ್ಡ್. ನಲವತ್ತು ನಿಮಿಷ ಸಿಕ್ಕಿದೆ, ಆಮೇಲೆ ಮಕ್ಕಳ ಡ್ಯಾನ್ಸ್ ಇದೆಯಂತೆ.

ನನ್ನ ಪ್ರಶ್ನೆ ಇಷ್ಟೇ. ಎಲ್ಲಾ ಕಡೆ ಅಶ್ವಥ್ ಅಂದರೆ ಸಂತ ಕವಿ ಶಿಶುನಾಳ ಶರೀಫರ ಎರಡು ಹಾಡು, ಚಪ್ಪಾಳೆ, ಮುಗಿಯಿತು. ಅವರು ಹಾಡುಗಾರರು ಮಾತ್ರ ಅಲ್ವಲ್ಲ, ರಾಗ ಹಾಕಿದವರು, ದೊಡ್ಡ ತಂಡ ಕಟ್ಟಿಕೊಂಡು ಹಾಡಿಸಿದವರು. ಅದು ಗೊತ್ತಾಗುವ ಹಾಗೆ ಐದೋ ಆರೋ ಹಾಡು ಆರಿಸಬೇಕು. ಸಲಹೆ ಕೊಡಿ.

ಕೊಡೆ_ಮರೆತವಳು
ಜೋಗದ ಸಿರಿ ಬೆಳಕಿನಲ್ಲಿ ಹಾಕಿ ಅಕ್ಕ! ಕೋರಸ್‌ಗೆ ಹೇಳಿ ಮಾಡಿಸಿದ ಹಾಗಿದೆ.

ಮೈಸೂರಿನವನು
ತಂಗಿ, ಅದು ಮೈಸೂರು ಅನಂತಸ್ವಾಮಿ ಅವರದ್ದು. ನಿಸಾರ್ ಅಹಮದ್ ಅವರ ಕವಿತೆ, 1978ರ ನಿತ್ಯೋತ್ಸವ ಕ್ಯಾಸೆಟ್. ಕನ್ನಡ ಭಾವಗೀತೆಗಳು ಕ್ಯಾಸೆಟ್ ರೂಪದಲ್ಲಿ ಮನೆ ಮನೆಗೆ ಹೋಗುವುದು ಶುರುವಾಗಿದ್ದೇ ಅಲ್ಲಿಂದ. ಅಶ್ವಥ್ ನೆನಪಿನ ಕಾರ್ಯಕ್ರಮದಲ್ಲಿ ಅದನ್ನು ಹಾಡಿದರೆ ಮುಂದಿನ ಸಾಲಿನಲ್ಲಿ ನನ್ನಂಥವನೊಬ್ಬ ಕೂತಿರುತ್ತಾನೆ, ಎದ್ದು ನಿಂತುಬಿಡುತ್ತಾನೆ.

ಕೊಡೆ_ಮರೆತವಳು
ಅಯ್ಯೋ ಸಾರಿ ಸಾರ್. ನನ್ನ ಪ್ಲೇಲಿಸ್ಟ್‌ನಲ್ಲಿ ಎಲ್ಲಾ ಒಂದೇ ಕಡೆ ಬರುತ್ತೆ.

ಹಳೇಟೇಪು
ಬೈಯಬೇಡಿ ಸಾರ್, ಪಾಪ. ಕ್ಯಾಸೆಟ್ ಇದ್ದಾಗ ಕವರಿನ ಮೇಲೆ ಕವಿ ಹೆಸರು, ರಾಗ ಹಾಕಿದವರ ಹೆಸರು, ಹಾಡಿದವರ ಹೆಸರು ಎಲ್ಲಾ ಇರುತ್ತಿತ್ತು. ನಾವು ಹಾಡು ಕೇಳುತ್ತಾ ಆ ಕವರನ್ನೇ ಓದುತ್ತಾ ಕೂತಿರುತ್ತಿದ್ದೆವು. ಈಗ ಮೊಬೈಲಿನಲ್ಲಿ ಮೇಲೆ ಒಂದು ಹೂವಿನ ಚಿತ್ರ, ಕೆಳಗೆ "ಭಾವಗೀತೆಗಳು ಭಾಗ 3". ಯಾರು ಬರೆದರು, ಯಾರು ರಾಗ ಹಾಕಿದರು ಅಂತ ಹೇಗೆ ಗೊತ್ತಾಗಬೇಕು?

ಇನ್ನು ಸಲಹೆ. ಸಿನಿಮಾದ ಅಶ್ವಥ್ ಅವರನ್ನು ಮರೆಯಬೇಡಿ. 1977ರಲ್ಲಿ ಕಾಕನ ಕೋಟೆ, ಸಿ.ಆರ್. ಸಿಂಹ ನಿರ್ದೇಶನ, ಅಲ್ಲಿಂದ ಶುರು. ಆಮೇಲೆ ಎಲ್. ವೈದ್ಯನಾಥನ್ ಜೊತೆ ಸೇರಿಕೊಂಡು ಅಶ್ವಥ್-ವೈದಿ ಅಂತ ಜೋಡಿ ಹೆಸರಿನಲ್ಲಿ ಮಾಡಿದರು. ನಾರದ ವಿಜಯ, ಆಲೆಮನೆ, ಬಾಡದ ಹೂ. "ನಮ್ಮೂರ ಮಂದಾರ ಹೂವೆ" ಎಸ್‌ಪಿಬಿ ಹಾಡಿದ್ದು ಎಲ್ಲರಿಗೂ ಗೊತ್ತು, ರಾಗ ಹಾಕಿದ್ದು ಈ ಇಬ್ಬರು ಅಂತ ಕೇಳಿ ನೋಡಿ, ಹತ್ತರಲ್ಲಿ ಏಳು ಜನ ಬೇರೆ ಯಾರದ್ದೋ ಹೆಸರು ಹೇಳುತ್ತಾರೆ. ವೈದ್ಯನಾಥನ್ ಅಂದರೆ ಮಾಲ್ಗುಡಿ ಡೇಸ್ ಧಾರಾವಾಹಿಯ "ತಾನ ನಾ ತಾನ ನಾನ ನಾ" ಮಾಡಿದವರೇ. ಇಬ್ಬರೂ ಸೇರಿದರೆ ಹಾಡು ಎಷ್ಟು ಮೆತ್ತಗೆ ಬರುತ್ತಿತ್ತು ನೋಡಿ. ಅಶ್ವಥ್ ಅಂದರೆ ಬರೀ ಏರುದನಿ ಅನ್ನುವವರಿಗೆ ಮೊದಲು ಇದನ್ನು ಕೇಳಿಸಿ.

ಮಲೆನಾಡ_ಮಾರಾಯ
ಏರುದನಿ ಅನ್ನುವವರಲ್ಲಿ ನಾನೂ ಒಬ್ಬ ಮಾರಾಯ್ರೆ. ಜಗಳಕ್ಕೆ ಹೇಳುತ್ತಿಲ್ಲ. ರಾಗ ಹಾಕಿದವರಾಗಿ ಅವರಿಗೆ ಕೈ ಮುಗೀತೇನೆ. ಆದರೆ ಭಾವಗೀತೆ ಅಂದರೆ ನನಗೆ ಸಂಜೆ ಹೊತ್ತಿನಲ್ಲಿ ಒಬ್ಬರೇ ಕೂತು ಕೇಳುವಂಥದ್ದು. ಕಾಳಿಂಗರಾಯರು ಹಾಡಿದರೆ ಪಕ್ಕದಲ್ಲಿ ಕೂತು ಮಾತಾಡಿದ ಹಾಗಿರುತ್ತೆ. ಅನಂತಸ್ವಾಮಿ ಹಾಡಿದರೆ ಅವರ ಪಾಡಿಗೆ ಅವರು ಹಾಡಿಕೊಳ್ಳುತ್ತಿದ್ದಾರೆ, ನಾವು ಕದ್ದು ಕೇಳುತ್ತಿದ್ದೇವೆ ಅನ್ನಿಸುತ್ತೆ. ಅಶ್ವಥ್ ಹಾಡಿದರೆ ನಮ್ಮನ್ನು ಎಬ್ಬಿಸಿ ನಿಲ್ಲಿಸಿದ ಹಾಗೆ. ನನಗೆ ಕೆಲವು ಸಲ ಕೂತೇ ಇರಬೇಕು ಅನ್ನಿಸುತ್ತೆ, ಅಷ್ಟೇ.

ತಬಲಾ_ಕೆಹರ್ವಾ
ಮಾರಾಯ್ರೆ, ನೀವು ಹೇಳಿದ್ದು ಒಂದು ಲೆಕ್ಕಕ್ಕೆ ಸರಿ. ಆದರೆ ಅದು ಗಂಟಲಿನ ಅಭ್ಯಾಸ ಅಲ್ಲ, ಲೆಕ್ಕಾಚಾರ ಅಂತ ನನ್ನ ಅಂದಾಜು. ನಾನು ಇಪ್ಪತ್ತು ವರ್ಷದಿಂದ ಸುಗಮ ಸಂಗೀತಕ್ಕೆ ತಬಲಾ ನುಡಿಸುತ್ತಿದ್ದೇನೆ, ಅವರ ತಂಡದಲ್ಲಲ್ಲ, ಸಣ್ಣ ಸಣ್ಣ ತಂಡಗಳಲ್ಲಿ. ಆದರೆ ಅವರ ಹಾಡು ನುಡಿಸದ ಕಾರ್ಯಕ್ರಮ ಇಲ್ಲ. ನುಡಿಸುವವನ ಕಡೆಯಿಂದ ಹೇಳುತ್ತೇನೆ.

"ಕಾಣದ ಕಡಲಿಗೆ" ತಗೊಳ್ಳಿ. ಜಿ.ಎಸ್. ಶಿವರುದ್ರಪ್ಪನವರ ಕವಿತೆ. ಒಂದು ತೊರೆ, ಅದು ಕಡಲನ್ನು ನೋಡಿಲ್ಲ, ಆದರೂ ಅದಕ್ಕೆ ಹಂಬಲ. ಹಾಡು ಶುರುವಾಗುವಾಗ ತಬಲಾಕ್ಕೆ ಹೆಚ್ಚು ಕೆಲಸವೇ ಇಲ್ಲ. ಸುಮ್ನೆ ಒಂದು ನಡೆ ಹಿಡಿದುಕೊಂಡು ಹೋಗಬೇಕು, ಕೈಚಳಕ ತೋರಿಸಿದರೆ ಹಾಡು ಕೆಟ್ಟಿತು. ಆಮೇಲೆ "ಕಾಣಬಲ್ಲೆನೆ ಒಂದು ದಿನ" ಅನ್ನೋ ಜಾಗ ಬರುತ್ತಲ್ಲ, ಅಲ್ಲಿ ದನಿ ಮೇಲೇರುತ್ತೆ. ಯಾಕೆ ಏರುತ್ತೆ? ಅದು ಪ್ರಶ್ನೆ. ಅಲ್ಲಿವರೆಗೆ ತೊರೆ ಕಡಲಿನ ವರ್ಣನೆ ಕೇಳಿಸಿಕೊಂಡಿದೆ, ಈಗ ಬಾಯಿಬಿಟ್ಟು ಕೇಳುತ್ತಿದೆ, ನನಗೆ ಸಿಗುತ್ತಾ ಅಂತ. ಮೆಲ್ಲಗೆ ಹಾಡಿದರೆ ಅದು ಕೇಳಿದ ಹಾಗೆ ಆಗೋದೇ ಇಲ್ಲ, ಅಂದುಕೊಂಡ ಹಾಗೆ ಆಗುತ್ತೆ. ರಾಗ ಹಾಕಿದವರು ಕವಿತೆಯಲ್ಲಿ ಪ್ರಶ್ನೆ ಚಿಹ್ನೆ ಎಲ್ಲಿದೆ ಅಂತ ನೋಡಿದ್ದಾರೆ.

ಇದು ನಾಟಕದವರ ಬುದ್ಧಿ. ಅವರು ರಂಗಗೀತೆಯಿಂದ ಬಂದವರು. ನಾಟಕದಲ್ಲಿ ಹಾಡು ಅಂದರೆ ಒಂದು ಪಾತ್ರ ಯಾರಿಗೋ ಏನೋ ಹೇಳುತ್ತಿದೆ ಅಂತ ಅರ್ಥ. ಅಶ್ವಥ್ ಪ್ರತಿ ಕವಿತೆಯಲ್ಲೂ ಆ ಪಾತ್ರ ಯಾರು ಅಂತ ಹುಡುಕಿದರು. ಮಿಕ್ಕವರು ಕವಿತೆಯನ್ನು ಹಾಡಿದರು, ಇವರು ಆಡಿದರು. ನನಗೆ ಕಂಡ ವ್ಯತ್ಯಾಸ ಅಷ್ಟೇ.

ಮಲೆನಾಡ_ಮಾರಾಯ
ಹೂಂ. ಪ್ರಶ್ನೆ ಚಿಹ್ನೆ ವಿಷಯ ನಾನು ಯೋಚಿಸಿರಲಿಲ್ಲ. ಇನ್ನೊಂದು ಸಲ ಕೇಳ್ತೇನೆ. ಒಪ್ಪಿದೆ ಅಂತ ಅಲ್ಲ ಮತ್ತೆ!

ಧಾರವಾಡ_ಪೇಢಾ
ತಬಲಾದವರು ಹೇಳಿದ್ದಕ್ಕೆ ನನ್ನದೊಂದು ಜೋಡಿಸುತ್ತೇನ್ರಿ. ನೀವೆಲ್ಲ ಬೆಂಗಳೂರು ಮೈಸೂರು ಕಡೆಯವರು "ಸೋರುತಿಹುದು ಮನೆಯ ಮಾಳಿಗಿ" ಹಾಡ್ತೀರಿ, ಬಹಳ ಚಂದ ಹಾಡ್ತೀರಿ. ಆದರೆ ಮಾಳಿಗಿ ನೋಡಿದ್ದೀರೇನ್ರಿ?

ನಮ್ಮ ಅಜ್ಜನ ಮನೆ ಮಾಳಿಗಿ ಮನೆ. ಮೇಲೆ ಹೆಂಚಿಲ್ಲ, ತಾರಸಿ ಇಲ್ಲ. ಕಟ್ಟಿಗೆ ತೊಲೆ, ಅದರ ಮೇಲೆ ಅಡ್ಡಡ್ಡ ಕಟ್ಟಿಗೆ, ಅದರ ಮೇಲೆ ಮಣ್ಣು. ಮಳೆಗಾಲ ಬರುವ ಮುಂಚೆ ಯಾರಾದರೂ ಮೇಲೆ ಹತ್ತಿ ಹೊಸ ಮಣ್ಣು ಹಾಕಿ, ತುಳಿದು, ಬಿರುಕು ಮುಚ್ಚಬೇಕು. ಒಂದು ವರ್ಷ ಬಿಟ್ಟರೆ ಮುಗೀತು. ಮೊದಲು ಒಂದು ಮೂಲೆಯಲ್ಲಿ ಹನಿ. ಅದರ ಕೆಳಗೆ ತಂಬಿಗೆ ಇಡಬೇಕು. ಆಮೇಲೆ ಇನ್ನೊಂದು ಮೂಲೆ, ಅಲ್ಲಿಗೆ ಬೋಗುಣಿ. ರಾತ್ರಿ ಎಲ್ಲಾ ಟಪ್ ಟಪ್ ಅಂತ ಒಂದೊಂದು ಪಾತ್ರೆಯದು ಒಂದೊಂದು ಸದ್ದು. ಹಾಸಿಗೆ ಎಳೆದುಕೊಂಡು ಒಣಗಿದ ಜಾಗ ಹುಡುಕುತ್ತಾ ಹೋಗೋದು. ಕತ್ತಲಲ್ಲಿ, ಮಳೆಯಲ್ಲಿ ಮೇಲೆ ಹತ್ತಿ ಸರಿ ಮಾಡುತ್ತೇನೆ ಅಂದರೆ ಆಗೋದಿಲ್ಲ, ಕಾಲಿಟ್ಟರೆ ಕುಸಿಯುತ್ತೆ. ಶರೀಫರು ಹೇಳಿದ್ದು ಅದನ್ನೇ. ಮಾಳಿಗಿ ಸೋರುತ್ತಿದೆ, ಗಟ್ಟಿ ಮಾಡುವವರು ಇಲ್ಲ, ಈ ಕತ್ತಲಲ್ಲಿ ನಾನು ಮೇಲೆ ಹತ್ತಲಾರೆ. ಒಳ ಅರ್ಥ ಆಮೇಲೆ ಇರಲಿ, ಮೊದಲು ಇದು ನಿಜವಾದ ಮನೆ.

ಅಶ್ವಥ್ ಚನ್ನರಾಯಪಟ್ಟಣದವರು, ಹಳೇ ಮೈಸೂರು ಸೀಮೆ. ಅವರಿಗೆ ಇದು ಹೇಗೆ ಹೊಳೆಯಿತೋ. ಆ ಹಾಡಿನ ನಡೆ ಕೇಳಿ. ಅವಸರ ಇಲ್ಲ. ರಾತ್ರಿ ಎಲ್ಲಾ ನಿದ್ದೆಗೆಟ್ಟವನ ದಣಿವು ಇದೆ. ಅದಕ್ಕೆ ದಯವಿಟ್ಟು ಆ ಹಾಡನ್ನು ಜೋರು ತಾಳ ಹಾಕಿ ಚಪ್ಪಾಳೆ ಹೊಡೆಸಿ ಹಾಡಬೇಡಿ. ಒಂದು ಮದುವೆ ಆರ್ಕೆಸ್ಟ್ರಾದಲ್ಲಿ ರಿದಂ ಪ್ಯಾಡ್ ಇಟ್ಟು ಕುಣಿಯುವ ಹಾಗೆ ಹಾಡಿದರು. ಸೋರುವ ಮನೆಯಲ್ಲಿ ಯಾರು ಕುಣಿಯುತ್ತಾರ್ರಿ?

ಬಡಾವಣೆ_ಗಾಯಕಿ
ಧಾರವಾಡದ ಸಾರ್, ನಾನು ಈ ಹಾಡನ್ನು ಮೂವತ್ತು ವರ್ಷದಿಂದ ಹಾಡುತ್ತಿದ್ದೇನೆ. "ಮೇಲೆ ಹತ್ತಲಾರೆ" ಅನ್ನುವುದು ಯಾಕೆ ಬರುತ್ತೆ ಅಂತ ಇವತ್ತು ಗೊತ್ತಾಯಿತು. ನಾನು ಅದನ್ನು ಏನೋ ವೇದಾಂತ ಅಂದುಕೊಂಡು ಮುಖ ಗಂಭೀರ ಮಾಡಿಕೊಂಡು ಹಾಡುತ್ತಿದ್ದೆ. ಈ ಹಾಡು ಪಟ್ಟಿಯಲ್ಲಿ ಖಂಡಿತ.

ಧಾರವಾಡ_ಪೇಢಾ
ಸಾರ್ ಅಲ್ಲ, ಮೇಡಂ. ಇರಲಿ ಬಿಡ್ರಿ.

ಒಂದು ತಕರಾರೂ ಹೇಳಿಬಿಡುತ್ತೇನೆ, ಹೊಗಳಿಕೆ ಜಾಸ್ತಿ ಆಯಿತು. ಶಿಶುನಾಳ ಇರುವುದು ಹಾವೇರಿ ಜಿಲ್ಲೆ ಶಿಗ್ಗಾಂವಿ ತಾಲೂಕಿನಲ್ಲಿ. ಶರೀಫರು 1819ರಿಂದ 1889. ಕ್ಯಾಸೆಟ್ ಬರುವ ಮುಂಚೆ ನೂರು ವರ್ಷ ಆ ಹಾಡುಗಳು ನಮ್ಮ ಕಡೆ ಭಜನಿ ಮೇಳದಲ್ಲಿ, ಏಕತಾರಿ ಹಿಡಿದವರ ಬಾಯಲ್ಲಿ ಬದುಕಿದ್ದವು. ಊರಿಗೊಂದು ಧಾಟಿ. ಅಶ್ವಥ್ ಅವರ ಹಾಡು ಎಷ್ಟು ಗಟ್ಟಿಯಾಗಿ ನಿಂತಿತು ಅಂದರೆ ಈಗ ನಮ್ಮ ಹಳ್ಳಿ ಭಜನಿಯವರೂ ಕ್ಯಾಸೆಟ್ ಧಾಟಿಯಲ್ಲೇ ಹಾಡುತ್ತಾರೆ. ಹಳೆಯ ಧಾಟಿ ಕೇಳಿದರೆ ಹುಡುಗರು "ಅಜ್ಜಾ, ತಪ್ಪು ಹಾಡ್ತಿದ್ದಿ" ಅಂತಾರೆ. ಇದು ಅಶ್ವಥ್ ಅವರ ತಪ್ಪಲ್ಲ. ಆದರೆ ಆಗಿದ್ದು ಹೌದು.

ಹಳೇಟೇಪು
ಇದು ಒಪ್ಪಬೇಕಾದ ಮಾತು. ಆದರೆ ಇನ್ನೊಂದು ಮಗ್ಗುಲೂ ಇದೆ ಮೇಡಂ. ದಕ್ಷಿಣದ ಕಡೆ ನಮ್ಮಂಥವರ ಮನೆಗೆ ಶರೀಫರು ಬಂದಿದ್ದೇ ಕ್ಯಾಸೆಟ್ಟಿನಿಂದ. ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಆ ಪದಗಳ ಹಿಂದೆ ಬಿದ್ದರು, ಅಶ್ವಥ್ ರಾಗ ಹಾಕಿದರು, ಅಶ್ವಥ್ ಮತ್ತು ಶಿವಮೊಗ್ಗ ಸುಬ್ಬಣ್ಣ ಅವರ ದನಿಯಲ್ಲಿ ಊರೂರು ಸುತ್ತಿತು. 1990ರಲ್ಲಿ ನಾಗಾಭರಣ ಸಿನಿಮಾ ಮಾಡಿದರು, ಶ್ರೀಧರ್ ಶರೀಫರಾಗಿ, ಗಿರೀಶ್ ಕಾರ್ನಾಡ್ ಅವರ ಗುರು ಗೋವಿಂದ ಭಟ್ಟರಾಗಿ. ನಮ್ಮ ಮನೆಯಲ್ಲಿ ಆ ಟೇಪು ಎಷ್ಟು ಸಲ ಸಿಕ್ಕಿಹಾಕಿಕೊಂಡಿದೆಯೋ. ಪೆನ್ಸಿಲ್ ತೂರಿಸಿ ತಿರುಗಿಸಿ ತಿರುಗಿಸಿ, ಒಂದು ಕಡೆ ಟೇಪು ಮಡಚಿ ಗೆರೆ ಬಿದ್ದು, "ತರವಲ್ಲ ತಗಿ ನಿನ್ನ ತಂಬೂರಿ" ಅನ್ನುವಾಗ ತಂಬೂರಿ ಅನ್ನೋ ಜಾಗದಲ್ಲಿ ದನಿ ನೀರಿನೊಳಗೆ ಹೋಗಿ ಬಂದ ಹಾಗೆ ಆಗುತ್ತಿತ್ತು. ಈಗಲೂ ಆ ಹಾಡು ಸ್ವಚ್ಛವಾಗಿ ಕೇಳಿದರೆ ನನಗೆ ಅಲ್ಲಿ ಏನೋ ಕಮ್ಮಿ ಅನ್ನಿಸುತ್ತೆ.

ಮೈಸೂರಿನವನು
ಎಲ್ಲಾ ಸರಿ. ಆದರೆ ನಾಡಗೀತೆ ವಿಷಯ ಯಾರೂ ಎತ್ತಲಿಲ್ಲ. ಕುವೆಂಪು ಅವರ ಜಯ ಭಾರತ ಜನನಿಯ ತನುಜಾತೆ 2004ರಲ್ಲಿ ನಾಡಗೀತೆ ಆಯಿತು. ಅನಂತಸ್ವಾಮಿ ಧಾಟಿಯೋ ಅಶ್ವಥ್ ಧಾಟಿಯೋ ಅಂತ ವರ್ಷಗಟ್ಟಲೆ ಎಳೆದಾಡಿ, ಕೊನೆಗೆ 2022ರಲ್ಲಿ ಸರ್ಕಾರ ಅನಂತಸ್ವಾಮಿ ಅವರ ಧಾಟಿ, ಎರಡೂವರೆ ನಿಮಿಷ ಅಂತ ಆದೇಶ ಮಾಡಿತು. ಅದಕ್ಕೇ ಹೇಳೋದು,

ತಬಲಾ_ಕೆಹರ್ವಾ
ಸಾರ್, ಬೇಡ ಸಾರ್. ಹೋದ ವರ್ಷ ಇದೇ ವಿಷಯಕ್ಕೆ ಇಲ್ಲಿ ಇನ್ನೂರು ಉತ್ತರ ಬಂದು ಇಬ್ಬರು ಬಿಟ್ಟೇ ಹೋದರು. ಎರಡೂ ಧಾಟಿ ನುಡಿಸಿದ್ದೇನೆ, ಎರಡಕ್ಕೂ ಕೈ ತಟ್ಟಿದ್ದಾರೆ. ಅಕ್ಕನ ಕಾರ್ಯಕ್ರಮಕ್ಕೆ ಬನ್ನಿ.

ಮೈಸೂರಿನವನು
ಸರಿ, ಬಿಟ್ಟೆ. ಅಶ್ವಥ್ ಅವರದ್ದರಲ್ಲಿ ನನಗೆ ಅತಿ ಇಷ್ಟವಾದದ್ದು ಹೇಳಿಬಿಡುತ್ತೇನೆ, ಅನಂತಸ್ವಾಮಿ ಕಡೆಯವನು ಹೇಳಿದರೆ ಅದಕ್ಕೆ ಬೆಲೆ ಜಾಸ್ತಿ. ಮೈಸೂರು ಮಲ್ಲಿಗೆ ಸಿನಿಮಾದಲ್ಲಿ ರತ್ನಮಾಲಾ ಪ್ರಕಾಶ್ ಹಾಡಿದ "ರಾಯರು ಬಂದರು". ಅದರಲ್ಲಿ ಏರುದನಿ ಎಲ್ಲಿದೆ? ಯಾರೋ ನಗುತ್ತಾ ಒಂದು ಕಥೆ ಹೇಳುತ್ತಿರುವ ಹಾಗಿದೆ, ಅಷ್ಟೇ. ಮಾವನ ಮನೆಗೆ ಬಂದ ಅಳಿಯ, ರಾತ್ರಿ, ಹೆಂಡತಿ ಪದುಮ ಒಳಗಿಲ್ಲ. ಪ್ರತಿ ಚರಣದಲ್ಲೂ ಒಂದು ಸಣ್ಣ ದೃಶ್ಯ. ಕೆ.ಎಸ್. ನರಸಿಂಹಸ್ವಾಮಿ ಅವರಿಗೆ ಆ ಸಿನಿಮಾದ ಹಾಡುಗಳಿಗೆ ರಾಷ್ಟ್ರ ಪ್ರಶಸ್ತಿ ಬಂತು. ಕವಿತೆ ಬರೆದು ಎಷ್ಟೋ ವರ್ಷ ಆದಮೇಲೆ!

ಕೊಡೆ_ಮರೆತವಳು
ನಾಗಮಂಡಲದ "ಈ ಹಸಿರು ಸಿರಿಯಲಿ" ಇವರದ್ದೇ ಅಲ್ವಾ? ಈ ಸಲ ನೋಡಿಕೊಂಡೇ ಕೇಳುತ್ತಿದ್ದೇನೆ 🙈 ಸಂಗೀತಾ ಕಟ್ಟಿ ಹಾಡಿದ್ದು. ನಮ್ಮ ಕಾಲೇಜಿನಲ್ಲಿ ಪ್ರತಿ ಸ್ಪರ್ಧೆಯಲ್ಲೂ ಕನಿಷ್ಠ ಮೂರು ಹುಡುಗಿಯರು ಅದನ್ನೇ ಹಾಡುತ್ತಿದ್ದರು. ನಾನು ನಾಲ್ಕನೆಯವಳು.

ಹಳೇಟೇಪು
ಅವರದ್ದೇ. 1997. ಚಿನ್ನಾರಿ ಮುತ್ತ ಕೂಡ ಅವರದ್ದೇ, ಎಚ್.ಎಸ್. ವೆಂಕಟೇಶಮೂರ್ತಿ ಅವರ ಹಾಡುಗಳು. ಒಬ್ಬ ಮನುಷ್ಯ ಶರೀಫರಿಗೂ ರಾಗ ಹಾಕಿ, ಮಕ್ಕಳ ಸಿನಿಮಾಕ್ಕೂ ಹಾಕಿ, ಇದೆಲ್ಲದರ ಬಹುಪಾಲು ಹೊತ್ತು ಟೆಲಿಫೋನ್ ಮಾಡುವ ಐಟಿಐ ಕಾರ್ಖಾನೆಯಲ್ಲಿ ನೌಕರಿಯನ್ನೂ ಮಾಡಿದ್ದಾರೆ. ನಾನು ಒಂದೇ ನೌಕರಿ ಮಾಡಿ ಮನೆಗೆ ಬಂದರೆ ಟೀವಿ ರಿಮೋಟ್ ಹುಡುಕುವುದಕ್ಕೂ ಶಕ್ತಿ ಇರುತ್ತಿರಲಿಲ್ಲ.

2005ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವಥ್ ಅವರ 'ಕನ್ನಡವೇ ಸತ್ಯ' ಕಾರ್ಯಕ್ರಮ ನಡೆದಾಗ ನಾನು ಹೋಗಿದ್ದೆ. ಇಲ್ಲಿ ಇನ್ನೂ ಕೆಲವರು ಹೋಗಿರಬಹುದು. ಸಿನಿಮಾ ತಾರೆಯರ ಕಾರ್ಯಕ್ರಮ ಅಲ್ಲ, ಕ್ರಿಕೆಟ್ ಅಲ್ಲ, ಭಾವಗೀತೆ ಕೇಳುವುದಕ್ಕೆ ಲಕ್ಷದ ಲೆಕ್ಕದಲ್ಲಿ ಜನ. ನಾವು ಹಿಂದೆ, ಎಷ್ಟು ಹಿಂದೆ ಅಂದರೆ ವೇದಿಕೆ ಮೇಲಿನ ಮನುಷ್ಯ ಕಿರುಬೆರಳಿನಷ್ಟು. ಮುಖ ಕಾಣಿಸುತ್ತಿರಲಿಲ್ಲ, ಕೈ ಮಾತ್ರ ಗೊತ್ತಾಗುತ್ತಿತ್ತು. ಆ ಕೈ ಮೇಲೆ ಹೋದರೆ ಹಿಂದಿನ ಕೋರಸ್ ಏರುತ್ತಿತ್ತು. ನಾನು ನೋಡುತ್ತಾ ನಿಂತಿದ್ದವನು ಸ್ವಲ್ಪ ಹೊತ್ತಿಗೆ ನಾನೂ ಹಾಡುತ್ತಿದ್ದೇನೆ ಅಂತ ಗೊತ್ತಾಯಿತು, ಪಕ್ಕದಲ್ಲಿ ಕಡಲೆಕಾಯಿ ಮಾರುವವನೂ ಹಾಡುತ್ತಿದ್ದ. ಅವನು ಪುಟ್ಟಿ ಕೆಳಗಿಟ್ಟಿದ್ದ. ಮಾರಾಯ್ರು ಹೇಳಿದರಲ್ಲ, ಎಬ್ಬಿಸಿ ನಿಲ್ಲಿಸಿದ ಹಾಗೆ ಅಂತ. ಹೌದು. ಅವತ್ತು ಅದೇ ಬೇಕಾಗಿತ್ತು.

ಮಲೆನಾಡ_ಮಾರಾಯ
ಕಡಲೆಕಾಯಿಯವನ ವಿಷಯಕ್ಕೆ ನಾನು ಸೋತೆ.

ಬಡಾವಣೆ_ಗಾಯಕಿ
ಎಲ್ಲರಿಗೂ ಥ್ಯಾಂಕ್ಸ್. ಸದ್ಯದ ಪಟ್ಟಿ: ರಾಯರು ಬಂದರು, ಈ ಹಸಿರು ಸಿರಿಯಲಿ, ನಮ್ಮೂರ ಮಂದಾರ ಹೂವೆ, ಸೋರುತಿಹುದು, ಕಾಣದ ಕಡಲಿಗೆ. ಕೊನೆಗೆ ಕೋಡಗನ ಕೋಳಿ ನುಂಗಿತ್ತ, ಅದನ್ನು ಬಿಟ್ಟರೆ ಸಂಘದ ಅಧ್ಯಕ್ಷರು ಬಿಡುವುದಿಲ್ಲ.

ಈಗ ಒಂದು ತಾಪತ್ರಯ. ನಿನ್ನೆ ಅಭ್ಯಾಸ ಮಾಡಿದೆವು. ಕಾಣದ ಕಡಲಿಗೆ ಗಂಡಸರಿಗೆ ಸರಿಯಾದ ಶ್ರುತಿಯಲ್ಲಿ ಹಿಡಿದರೆ ಹೆಂಗಸರಿಗೆ ಕೆಳಗಿನ ಸ್ವರ ಸಿಗುವುದಿಲ್ಲ, ನಮ್ಮ ಶ್ರುತಿಗೆ ತಂದರೆ ಆ "ಕಾಣಬಲ್ಲೆನೆ" ಜಾಗದಲ್ಲಿ ಗಂಡಸರು ನಾಲ್ಕೂ ಜನ ಒಂದೇ ಸಲ ಕೆಮ್ಮುತ್ತಾರೆ. ಕೀಬೋರ್ಡಿನಲ್ಲಿ ಎರಡು ಮನೆ ಶ್ರುತಿ ಇಳಿಸಿ ನೋಡಿದೆವು. ಆಗ ಎಲ್ಲರಿಗೂ ಸಲೀಸು, ಆದರೆ ಹಾಡು ಯಾಕೋ ಮಲಗಿದ ಹಾಗೆ ಆಯಿತು.

ತಬಲಾ_ಕೆಹರ್ವಾ
ಇಳಿಸಬೇಡಿ. ಆ ಹಾಡಿಗೆ ಕಷ್ಟಪಡುವ ಸದ್ದು ಇರಬೇಕು. ಸಲೀಸಾಗಿ ಸಿಕ್ಕಿದರೆ ತೊರೆ ಆಗಲೇ ಕಡಲು ಸೇರಿಬಿಟ್ಟ ಹಾಗೆ.

ಹೀಗೆ ಮಾಡಿ. ಪಲ್ಲವಿ ಗಂಡಸರು ಹಾಡಲಿ, ಅವರ ಶ್ರುತಿಯಲ್ಲೇ. ಹೆಂಗಸರು ಸುಮ್ಮನಿರಲಿ. ಮೇಲೆ ಹೋಗುವ ಜಾಗದಲ್ಲಿ ಹೆಂಗಸರು ಎತ್ತಿಕೊಳ್ಳಲಿ, ಅದು ನಿಮಗೆ ಆರಾಮಾಗಿ ನಡುಸ್ಥಾಯಿಯಲ್ಲಿ ಬರುತ್ತೆ, ಗಂಡಸರಲ್ಲಿ ಗಂಟಲಿದ್ದವರು ಒಬ್ಬಿಬ್ಬರು ಮಾತ್ರ ಜೊತೆಗೂಡಲಿ. ಉಸಿರು ಎಲ್ಲಿ ತಗೊಳ್ಳಬೇಕು ಅಂತ ಮೊದಲೇ ಸಾಹಿತ್ಯದ ಹಾಳೆ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ. "ಒಂದು ದಿನ" ಆದಮೇಲೆ ತಗೊಳ್ಳಿ. "ಒಂದು" ಆದಮೇಲೆ ತಗೊಂಡರೆ ಪದ ಮುರಿಯುತ್ತೆ. ಹನ್ನೆರಡು ಜನರೂ ಒಂದೇ ಕಡೆ ಉಸಿರು ತಗೊಂಡರೆ ಅರ್ಧ ಕೆಲಸ ಆಯಿತು. ಇನ್ನರ್ಧಕ್ಕೆ ಮುಂದೆ ನಿಂತು ಕೈ ತೋರಿಸುವುದಕ್ಕೆ ಒಬ್ಬರು ಬೇಕು. ಅದು ನೀವೇ.

ಬಡಾವಣೆ_ಗಾಯಕಿ
ನಾನಾ? ಅಡುಗೆಮನೆಯಲ್ಲಿ ಬಿಟ್ಟರೆ ನಾನು ಕೈ ತೋರಿಸಿದ್ದಕ್ಕೆ ಯಾರೂ ಏನೂ ಮಾಡಿದ್ದಿಲ್ಲ.

ಬಡಾವಣೆ_ಗಾಯಕಿ
ಇನ್ನೊಂದು ಅವಾಂತರ. ಇವತ್ತು ಫ್ಲೆಕ್ಸ್ ಬಂತು. ಆರಡಿ ಅಗಲ, ಬಣ್ಣ ಚೆನ್ನಾಗಿದೆ, "ಸಿ. ಅಶ್ವಥ್ ನೆನಪು" ಅಂತ ಅಕ್ಷರವೂ ಸರಿಯಾಗಿದೆ. ಫೋಟೋ ಮಾತ್ರ ನಾಗರಹಾವು ಸಿನಿಮಾದ ಚಾಮಯ್ಯ ಮೇಷ್ಟ್ರದ್ದು. ನಟ ಕೆ.ಎಸ್. ಅಶ್ವಥ್!

ಹಳೇಟೇಪು
😂 ಇದು ಹಳೇ ಕಾಯಿಲೆ. ಇಬ್ಬರೂ ಹೋಗಿದ್ದೂ ಮೂರು ವಾರದ ಒಳಗೆ. ಸಿ. ಅಶ್ವಥ್ 2009ರ ಡಿಸೆಂಬರ್ 29, ಮಾರನೇ ದಿನ ಬೆಳಗ್ಗೆ ವಿಷ್ಣುವರ್ಧನ್, ಆಮೇಲೆ ಜನವರಿ 18ಕ್ಕೆ ಕೆ.ಎಸ್. ಅಶ್ವಥ್. ಆ ದಿನಗಳು ಹೇಗಿದ್ದವು ಅಂತ ನೆನೆದರೆ ಈಗಲೂ ಬೇಜಾರು. 29ರ ರಾತ್ರಿ ನಾನು ಮಲಗುವ ತನಕ ಅಶ್ವಥ್ ಹಾಡುಗಳನ್ನೇ ಹಾಕಿಕೊಂಡು ಕೂತಿದ್ದೆ. ಬೆಳಗ್ಗೆ ಎದ್ದರೆ ಟೀವಿ ತುಂಬಾ ವಿಷ್ಣುವರ್ಧನ್, ಬಸ್ಸಿಲ್ಲ, ಅಂಗಡಿ ಬಾಗಿಲು ಹಾಕಿದೆ, ಬೀದಿಯಲ್ಲಿ ಟೈರ್ ಸುಡುವ ವಾಸನೆ. ನಾಡಿಗೆ ಎರಡೆರಡು ದುಃಖ ಒಟ್ಟಿಗೆ ತಡೆಯಲು ಆಗಲಿಲ್ಲವೋ ಏನೋ, ಅಶ್ವಥ್ ಅವರಿಗೆ ಅಳಬೇಕಾದಷ್ಟು ನಾವು ಅಳಲಿಲ್ಲ ಅಂತ ನನಗೆ ಯಾವಾಗಲೂ ಅನ್ನಿಸುತ್ತೆ. ಅದಕ್ಕೇ ಇಂಥ ಸಣ್ಣ ಕಾರ್ಯಕ್ರಮ ಎಲ್ಲಿ ನಡೆದರೂ ನನಗೆ ಖುಷಿ.

ಫ್ಲೆಕ್ಸ್ ವಾಪಸ್ ಕೊಡಿ, ತಪ್ಪು ಅವರದ್ದೇ, ದುಡ್ಡು ಕೇಳಬಾರದು.

ಬಡಾವಣೆ_ಗಾಯಕಿ
ತಪ್ಪು ನಮ್ಮದೇ ಸಾರ್. ಫೋಟೋ ಕಳಿಸಿದ್ದು ನಮ್ಮ ಕಾರ್ಯದರ್ಶಿ. ಹೊಸ ಫೋಟೋ ಪ್ರಿಂಟ್ ಮಾಡಿಸಿ ಹಳೆಯದರ ಮೇಲೆ ಅಂಟಿಸುತ್ತಿದ್ದೇವೆ.

ಧಾರವಾಡ_ಪೇಢಾ
ಕಾರ್ಯಕ್ರಮ ಹೇಗಾಯಿತ್ರಿ? ಎರಡು ದಿನ ಆಯಿತು, ಸುದ್ದಿಯೇ ಇಲ್ಲ.

ಬಡಾವಣೆ_ಗಾಯಕಿ
ಗಂಟಲು ಕಟ್ಟಿತ್ತು ಮೇಡಂ, ಟೈಪ್ ಮಾಡುವುದಕ್ಕೆ ಗಂಟಲು ಯಾಕೆ ಬೇಕು ಅಂತ ಕೇಳಬೇಡಿ.

ರಾಯರು ಬಂದರು ಚೆನ್ನಾಗಿ ಬಂತು. ಈ ಹಸಿರು ಸಿರಿಯಲಿ ಹಾಡಿದ ಹುಡುಗಿ ಎರಡನೇ ಚರಣ ಮರೆತು ಮೊದಲನೆಯದನ್ನೇ ಮತ್ತೆ ಹಾಡಿದಳು, ನಾವು ಮೂರು ಜನ ಬಿಟ್ಟರೆ ಯಾರಿಗೂ ಗೊತ್ತಾಗಲಿಲ್ಲ. ಸೋರುತಿಹುದು ಶುರು ಮಾಡುವ ಮುಂಚೆ ನೀವು ಹೇಳಿದ ಮಾಳಿಗಿ ವಿಷಯ, ತಂಬಿಗೆ, ಬೋಗುಣಿ, ಎಲ್ಲಾ ಹೇಳಿದೆ. ನಮ್ಮ ತಬಲಾದವರಿಗೆ ಎಷ್ಟು ಹೇಳಿದ್ದರೂ ಮೂರನೇ ಸಾಲಿಗೆ ವೇಗ ಏರಿಸಿಬಿಟ್ಟರು. ನಾನು ಮುಂದೆ ನಿಂತಿದ್ದೆನಲ್ಲ, ಕೈ ಕೆಳಗೆ ಮಾಡಿ ಮಾಡಿ ತೋರಿಸಿದೆ, ಅವರು ನನ್ನ ಕೈ ನೋಡದೆ ಅವರ ಕೈಯನ್ನೇ ನೋಡುತ್ತಿದ್ದರು. ಸಭೆಯಲ್ಲಿ ಬಾಗಲಕೋಟೆ ಕಡೆಯ ಒಬ್ಬ ಅಜ್ಜಿ ಆಮೇಲೆ ಬಂದು "ನಮ್ಮನಿ ಇನ್ನಾ ಸೋರತೈತಿ" ಅಂತ ನಕ್ಕರು.

ಕಾಣದ ಕಡಲಿಗೆ ಶ್ರುತಿ ಇಳಿಸಲಿಲ್ಲ. ಗಂಡಸರು ಶುರು ಮಾಡಿದರು. ಮೇಲಿನ ಜಾಗ ಬಂದಾಗ ನಾನು ಕೈ ಎತ್ತಿದೆ, ಎಂಟು ಹೆಂಗಸರೂ ಒಟ್ಟಿಗೆ ಎತ್ತಿಕೊಂಡರು, ಉಸಿರು ಪೆನ್ಸಿಲ್ ಗುರುತು ಹಾಕಿದ ಕಡೆಯೇ. ಒಬ್ಬರೂ ತಪ್ಪಲಿಲ್ಲ. ಎರಡನೇ ಸಲ ಅದೇ ಸಾಲು ಬಂದಾಗ ಕೆಮ್ಮುತ್ತಿದ್ದ ನಾಲ್ಕು ಜನರಲ್ಲಿ ಒಬ್ಬರು, ಶ್ರುತಿ ಗೊತ್ತಿಲ್ಲ ಅಂದೆನಲ್ಲ ಅವರೇ, ಕಣ್ಣು ಮುಚ್ಚಿಕೊಂಡು ಸೇರಿಬಿಟ್ಟರು. ಸ್ವರ ಪೂರ್ತಿ ಮುಟ್ಟಲಿಲ್ಲ. ದನಿ ಸ್ವಲ್ಪ ಒಡೆಯಿತು. ತಬಲಾದ ಸಾರ್ ಹೇಳಿದ ಕಷ್ಟಪಡುವ ಸದ್ದು ಅಂದರೆ ಅದೇ ಇರಬೇಕು. ನನ್ನ ಕೈ ಎತ್ತಿದ್ದು ಕೆಳಗೆ ಇಳಿಸುವುದೇ ಮರೆತುಹೋಗಿತ್ತು.

ತಬಲಾ_ಕೆಹರ್ವಾ
ರೆಕಾರ್ಡಿಂಗ್ ಇದ್ದರೆ ಹಾಕಿ ಅಕ್ಕ. ಆ ಒಂದು ಸಾಲಾದರೂ.

ಬಡಾವಣೆ_ಗಾಯಕಿ
ಇದೆ. ಆದರೆ ಮೊಬೈಲ್ ಹಿಡಿದಿದ್ದವರ ಪಕ್ಕದಲ್ಲಿ ಡ್ಯಾನ್ಸಿಗೆ ಕಾಯುತ್ತಾ ಕೂತಿದ್ದ ಒಂದು ಮಗು, ನಾವು ಯಾವ ಹಾಡು ಹಾಡಿದರೂ 'ಕೋಡಗನ ಕೋಳಿ ನುಂಗಿತ್ತ' ಅಂತಲೇ ಹಾಡಿದೆ. ನಮಗಿಂತ ಜೋರಾಗಿ.